ಅಣುತೂಕವೂ ವಸ್ತುಗಳ ಗುಣವೂ

(ಅಂತಿಮ ಬಿ.ಎ. ವಿದ್ಯಾರ್ಥಿಯೊಬ್ಬನ ಲೇಖನ)

ಕಳೆದ ಬೇಸಿಗೆಯ ರಜೆಯಲ್ಲಿ ಊರಿಗೆ ಹೋಗಿದ್ದಾಗ ನಡೆದ ಒಂದು ಸಣ್ಣ ಪ್ರಸಂಗದಿಂದ ಈ ಲೇಖನವನ್ನು ಆರಂಭಿಸುತ್ತೇನೆ. ನಮ್ಮ ಮನೆಯ ಹಿತ್ತಲಿನಲ್ಲಿ, ನಲ್ಲಿಯ ಪಕ್ಕದಲ್ಲಿ, ನೀಲಿ ಬಣ್ಣದ ಪ್ಲಾಸ್ಟಿಕ್ ಕೊಡವೊಂದು ಮೂರು ವರ್ಷಗಳಿಂದ ಬಿಸಿಲಿನಲ್ಲಿಯೇ ಕುಳಿತಿತ್ತು. ಅವ್ವ ಅದನ್ನು ಎತ್ತಲೆಂದು ಕಂಠಕ್ಕೆ ಕೈ ಹಾಕಿದಳು. ಕಂಠ ಅವಳ ಕೈಗೆ ಬಂದಿತು. ಕೊಡ ನೆಲದ ಮೇಲೆಯೇ ಉಳಿಯಿತು. ಬಗ್ಗಿ ನೋಡಿದರೆ ಅದರ ಮೈಯೆಲ್ಲ ಬಿಳಿಚಿಕೊಂಡು, ಬೆರಳಿನಿಂದ ಒತ್ತಿದ ಕಡೆ ಸುಟ್ಟ ಹಪ್ಪಳದಂತೆ ಮುರಿಯುತ್ತಿತ್ತು.

"ಅಲ್ಲ ಕಣಪ್ಪಾ, ಮಣ್ಣಿನ ಮಡಕೆಯಾದ್ರೆ ಬಿದ್ರೆ ಒಡೀತದೆ. ಇದು ಬಿದ್ದೂ ಇಲ್ಲ, ಯಾರೂ ತಾಕ್ಸೂ ಇಲ್ಲ. ಹೊಸದ್ರಲ್ಲಿ ಎತ್ತಿ ಹಾಕಿದ್ರೂ ಏನೂ ಆಗ್ತಿರಲಿಲ್ಲ. ಈಗ ಮುಟ್ಟಿದ್ರೆ ಉದುರ್ತದಲ್ಲ, ಯಾಕೆ? ನೀನು ಓದಿದೋನು, ಹೇಳು" ಎಂದಳು.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. "ಹಳೇದಾಯ್ತಲ್ಲ ಅವ್ವ" ಎಂದು ಹೇಳಿ ಜಾರಿಕೊಳ್ಳಲು ನೋಡಿದೆ. "ಹಳೇದಾದ್ರೆ ತಾಮ್ರದ ಕೊಡ ಉದುರ್ತದಾ?" ಎಂದು ಅವಳು ಮರುಪ್ರಶ್ನೆ ಹಾಕಿದಾಗ ನನ್ನ ಬಾಯಿ ಕಟ್ಟಿತು. ಅರ್ಥಶಾಸ್ತ್ರ, ಇತಿಹಾಸಗಳನ್ನು ಓದುತ್ತಿರುವ ನನಗೆ ಇದು ಸಂಬಂಧವಿಲ್ಲದ ವಿಷಯವೆಂದು ಬಿಟ್ಟುಬಿಡಬಹುದಾಗಿತ್ತು. ಆದರೆ ಪ್ರಶ್ನೆ ಮನಸ್ಸಿನಿಂದ ಹೋಗಲಿಲ್ಲ. ಆ ಮೇಲೆ ಗ್ರಂಥಾಲಯದಲ್ಲಿ ಕುಳಿತು ಓದಿ, ರಸಾಯನಶಾಸ್ತ್ರವನ್ನು ಬಲ್ಲವರನ್ನು ಕೇಳಿ ತಿಳಿದುಕೊಂಡುದನ್ನು ಅಧ್ಯಾಪಕರ ಹಾಗೂ ಸಹಪಾಠಿಗಳ ಮುಂದಿಡುತ್ತಿದ್ದೇನೆ. ಒಂದು ವಸ್ತು ಯಾವುದರಿಂದ ಆಗಿದೆ ಎಂಬುದನ್ನು ಅರಿತ ಮಾತ್ರಕ್ಕೆ ಅದರ ಗುಣವನ್ನು ಅರಿತಂತಾಗುವುದಿಲ್ಲ. ಅದರ ಅಣು ಎಷ್ಟು ದೊಡ್ಡದು ಎಂಬುದನ್ನೂ ಅರಿಯಬೇಕು. ಇದೇ ಈ ಲೇಖನದ ತಿರುಳು.

ಅಣುತೂಕವೆಂದರೇನು?

ಪರಮಾಣುಗಳು ಕೂಡಿ ಅಣುವಾಗುತ್ತದೆಂಬುದನ್ನು ನಾವೆಲ್ಲರೂ ಪ್ರೌಢಶಾಲೆಯಲ್ಲಿ ಓದಿದ್ದೇವೆ. ಒಂದೊಂದು ಪರಮಾಣುವನ್ನು ತಕ್ಕಡಿಯಲ್ಲಿಟ್ಟು ತೂಗಲು ಬಾರದು. ಆದುದರಿಂದ ವಿಜ್ಞಾನಿಗಳು ಹೋಲಿಕೆಯ ತೂಕವನ್ನು ಬಳಸುತ್ತಾರೆ. ಸಾಮಾನ್ಯ ಇಂಗಾಲದ ಪರಮಾಣುವಿನ ತೂಕವನ್ನು ೧೨ ಎಂದು ಇಟ್ಟುಕೊಂಡರೆ, ಜಲಜನಕದ್ದು ಹೆಚ್ಚುಕಡಿಮೆ ೧, ಆಮ್ಲಜನಕದ್ದು ೧೬ ಆಗುತ್ತದೆ. ನೀರಿನ ಅಣುವಿನಲ್ಲಿ ಜಲಜನಕದ ಎರಡು ಮತ್ತು ಆಮ್ಲಜನಕದ ಒಂದು ಪರಮಾಣು ಇರುವುದರಿಂದ ಅದರ ಅಣುತೂಕ ೧೮. ಅಣು ಎಷ್ಟು ಸಣ್ಣದೆಂಬುದಕ್ಕೆ ಒಂದು ಮಾತು ಸಾಕು: ೧೮ ಗ್ರಾಂ ನೀರಿನಲ್ಲಿ, ಎಂದರೆ ಒಂದೆರಡು ಗುಟುಕಿನಲ್ಲಿ, ಇರುವ ಅಣುಗಳ ಸಂಖ್ಯೆಯನ್ನು ಬರೆಯಬೇಕಾದರೆ ೬ರ ಮುಂದೆ ಸುಮಾರಾಗಿ ೨೩ ಸೊನ್ನೆಗಳನ್ನು ಹಾಕಬೇಕು.

ಒಂದು ಮನೆತನದ ಕಥೆ

ಹಳ್ಳಿಯ ಮನೆಯೊಂದರಲ್ಲಿ ಕಾಣುವ ಐದು ವಸ್ತುಗಳನ್ನು ನೆನೆಯೋಣ: ಸಗಣಿಯಿಂದ ಬರುವ ಗೋಬರ್ ಅನಿಲ, ಅಡಿಗೆಯ ಸಿಲಿಂಡರಿನ ಅನಿಲ, ಹಿಂದೆ ಬುಡ್ಡಿ ದೀಪಕ್ಕೆ ಹಾಕುತ್ತಿದ್ದ ಸೀಮೆ ಎಣ್ಣೆ, ಮೇಣದ ಬತ್ತಿ ಮತ್ತು ಪ್ಲಾಸ್ಟಿಕ್ ಕೊಡ. ಮೊದಲಿನ ಎರಡು ಕಣ್ಣಿಗೆ ಕಾಣವು, ಮೂರನೆಯದು ಹರಿಯುತ್ತದೆ, ನಾಲ್ಕನೆಯದು ಉಗುರಿಗೆ ಕೆರೆಯುತ್ತದೆ, ಐದನೆಯದು ತುಂಬಿದ ನೀರನ್ನು ಹೊತ್ತು ನಿಲ್ಲುತ್ತದೆ. ಇವು ಒಂದೇ ಮನೆತನಕ್ಕೆ ಸೇರಿದವು ಎಂದರೆ ಯಾರು ನಂಬಿಯಾರು? ಆದರೆ ಇವುಗಳಲ್ಲಿ ಮುಖ್ಯವಾಗಿ ಇರುವವು ಇಂಗಾಲ, ಜಲಜನಕ ಎಂಬ ಎರಡೇ ಮೂಲವಸ್ತುಗಳು.

ಈ ಮನೆತನದ ಕಿರಿಯ ಸದಸ್ಯ ಮೀಥೇನ್. ಇದೇ ಗೋಬರ್ ಅನಿಲದಲ್ಲಿ ಉರಿಯುವ ಭಾಗ. ಒಂದು ಇಂಗಾಲಕ್ಕೆ ನಾಲ್ಕು ಜಲಜನಕ ಅಂಟಿಕೊಂಡಿರುವುದರಿಂದ ಅದರ ಅಣುತೂಕ ೧೬. ಒಂದು ಇಂಗಾಲದ ಪಕ್ಕಕ್ಕೆ ಮತ್ತೊಂದು, ಅದರ ಪಕ್ಕಕ್ಕೆ ಮಗುದೊಂದು ಎಂಬಂತೆ ಸರಪಳಿಗೆ ಕೊಂಡಿ ಸೇರಿಸುತ್ತಾ ಹೋದರೆ, ಪ್ರತಿ ಕೊಂಡಿಗೂ ಒಂದು ಇಂಗಾಲ ಹಾಗೂ ಎರಡು ಜಲಜನಕ ಕೂಡಿ ಅಣುತೂಕ ೧೪ರಂತೆ ಏರುತ್ತದೆ. ಹಾಗೆ ಏರಿದಾಗ ಕುದಿಯುವ ಉಷ್ಣತೆ ಹೇಗೆ ಬದಲಾಗುವುದೆಂಬುದನ್ನು ಈ ಪಟ್ಟಿಯಲ್ಲಿ ನೋಡಬಹುದು. ಡಿಗ್ರಿಗಳೆಲ್ಲವೂ ಸೆಂಟಿಗ್ರೇಡಿನವು.

ಮೀಥೇನ್: ಇಂಗಾಲ ೧, ಅಣುತೂಕ ೧೬, ಕುದಿಯುವುದು ಸೊನ್ನೆಗಿಂತ ೧೬೧ ಡಿಗ್ರಿ ಕೆಳಗೆ
ಪ್ರೊಪೇನ್: ಇಂಗಾಲ ೩, ಅಣುತೂಕ ೪೪, ಸೊನ್ನೆಗಿಂತ ೪೨ ಡಿಗ್ರಿ ಕೆಳಗೆ
ಬ್ಯೂಟೇನ್: ಇಂಗಾಲ ೪, ಅಣುತೂಕ ೫೮, ಸೊನ್ನೆ ಡಿಗ್ರಿಯ ಆಸುಪಾಸು
ಪೆಂಟೇನ್: ಇಂಗಾಲ ೫, ಅಣುತೂಕ ೭೨, ೩೬ ಡಿಗ್ರಿ
ಆಕ್ಟೇನ್: ಇಂಗಾಲ ೮, ಅಣುತೂಕ ೧೧೪, ೧೨೬ ಡಿಗ್ರಿ
ಡೆಕೇನ್: ಇಂಗಾಲ ೧೦, ಅಣುತೂಕ ೧೪೨, ೧೭೪ ಡಿಗ್ರಿ
ಹೆಕ್ಸಡೆಕೇನ್: ಇಂಗಾಲ ೧೬, ಅಣುತೂಕ ೨೨೬, ೨೮೭ ಡಿಗ್ರಿ
ಐಕೋಸೇನ್: ಇಂಗಾಲ ೨೦; ಅಣುತೂಕ ೨೮೨; ೩೪೩ ಡಿಗ್ರಿ

ಈ ಪಟ್ಟಿಯಿಂದ ನಿತ್ಯದ ಅನೇಕ ಸಂಗತಿಗಳಿಗೆ ಅರ್ಥ ಹೊಳೆಯುತ್ತದೆ. ಅಡಿಗೆಯ ಸಿಲಿಂಡರಿನಲ್ಲಿರುವುದು ಪ್ರೊಪೇನ್, ಬ್ಯೂಟೇನ್‌ಗಳ ಮಿಶ್ರಣ. ಇವನ್ನು ಸ್ವಲ್ಪ ಒತ್ತಿದರೆ ಸಾಕು, ದ್ರವವಾಗುತ್ತವೆ. ಆದುದರಿಂದಲೇ ಸಿಲಿಂಡರನ್ನು ಅಲುಗಿಸಿದರೆ ಒಳಗೆ ತುಳುಕುತ್ತದೆ. ಹಗುರವಾದ ಮೀಥೇನನ್ನು ನಮ್ಮ ಹವೆಯ ಉಷ್ಣತೆಯಲ್ಲಿ ಎಷ್ಟು ಒತ್ತಿದರೂ ಅದು ದ್ರವವಾಗದು. ಗೋಬರ್ ಅನಿಲವನ್ನು ಹಾಗೆ ದ್ರವವಾಗಿ ತುಂಬಿ ಮಾರಲಾಗದಿರುವುದಕ್ಕೆ ಇದೇ ಕಾರಣ. ಪೆಂಟೇನನ್ನು ಬೇಸಿಗೆಯ ಮಧ್ಯಾಹ್ನ ರಾಯಚೂರಿನಲ್ಲಿ ತೆರೆದಿಟ್ಟರೆ ಒಲೆಯಿಲ್ಲದೆಯೇ ಕುದಿದುಹೋಗುವುದು. ಪೆಟ್ರೋಲು ಅಂಗೈಯಿಂದ ಕ್ಷಣದಲ್ಲಿ ಆರಿಹೋಗುತ್ತದೆ. ಅದಕ್ಕಿಂತ ಉದ್ದದ, ಹತ್ತರಿಂದ ಹದಿನಾರರವರೆಗೆ ಇಂಗಾಲಗಳುಳ್ಳ ಸೀಮೆ ಎಣ್ಣೆ ಕೈಗೆ ಅಂಟಿ ಸಂಜೆಯವರೆಗೂ ವಾಸನೆ ಬೀರುತ್ತದೆ. ಇಂಗಾಲಗಳು ಇಪ್ಪತ್ತರಿಂದ ನಲವತ್ತರ ಹತ್ತಿರಕ್ಕೆ ಬಂದರೆ ವಸ್ತು ಹರಿಯುವುದನ್ನೇ ಬಿಟ್ಟು ಮೇಣವಾಗಿ ಕೂರುತ್ತದೆ. ಮಂಗಳೂರಿನ ತೈಲ ಶುದ್ಧೀಕರಣಾಲಯದಲ್ಲಿ ಕಚ್ಚಾ ಎಣ್ಣೆಯನ್ನು ಕಾಯಿಸಿ ಎತ್ತರದ ಗೋಪುರದಲ್ಲಿ ಬೇರ್ಪಡಿಸುವಾಗ ನಡೆಯುವುದೂ ಇದೇ: ಹಗುರವಾದ ಅಣುಗಳು ಮೇಲಕ್ಕೆ, ಭಾರವಾದವು ಕೆಳಕ್ಕೆ.

ಹೀಗೇಕೆ?

ಅಣುಗಳು ಒಂದನ್ನೊಂದು ಮೆಲ್ಲಗೆ ಎಳೆಯುತ್ತಿರುತ್ತವೆ. ಈ ಸೆಳೆತದ ಕಾರಣವನ್ನು ೧೯೩೦ರಲ್ಲಿ ಫ್ರಿಟ್ಜ್ ಲಂಡನ್ ಎಂಬ ವಿಜ್ಞಾನಿ ವಿವರಿಸಿದರು. ಒಂದು ಕೊಂಡಿಗೂ ಪಕ್ಕದ ಅಣುವಿನ ಇನ್ನೊಂದು ಕೊಂಡಿಗೂ ನಡುವೆ ಇರುವ ಸೆಳೆತ ಕಿರುಬೆರಳು ಹಿಡಿದಷ್ಟೇ ದುರ್ಬಲ. ಆದರೆ ಅಣು ಉದ್ದವಾದಂತೆ ಹಿಡಿಯುವ ಬೆರಳುಗಳೂ ಹೆಚ್ಚುತ್ತವೆ. ಅವೆಲ್ಲವನ್ನೂ ಬಿಡಿಸಿಕೊಂಡು ಹಾರಿಹೋಗಬೇಕಾದರೆ ಹೆಚ್ಚು ಶಾಖ ಬೇಕು. ಆದುದರಿಂದಲೇ ಕುದಿಯುವ ಉಷ್ಣತೆ ಏರುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಈ ನಿಯಮ ಒಂದೇ ಮನೆತನದೊಳಗೆ ಮಾತ್ರ ಸಲ್ಲುತ್ತದೆ. ನೀರಿನ ಅಣುತೂಕ ೧೮, ಮೀಥೇನಿನದು ೧೬, ತೂಕದಲ್ಲಿ ಅಕ್ಕಪಕ್ಕದವು. ಆದರೆ ನೀರು ಕುದಿಯುವುದು ೧೦೦ ಡಿಗ್ರಿಯಲ್ಲಿ. ನೀರಿನ ಅಣುಗಳು ಜಲಜನಕದ ಮೂಲಕ ಪರಸ್ಪರ ಬಲವಾಗಿ ಕಟ್ಟಿಕೊಂಡಿರುವುದೇ ಇದಕ್ಕೆ ಕಾರಣ. ಆಕಾರವೂ ಲೆಕ್ಕಕ್ಕೆ ಬರುತ್ತದೆ. ಪೆಂಟೇನಿನಲ್ಲಿರುವ ಪರಮಾಣುಗಳನ್ನೇ ನೀಳವಾಗಿ ಅಲ್ಲದೆ ಉಂಡೆಯಂತೆ ಜೋಡಿಸಿದರೆ, ತೂಕ ಅದೇ ೭೨ ಆದರೂ, ಅದು ೧೦ ಡಿಗ್ರಿಯ ಒಳಗೇ ಕುದಿಯುತ್ತದೆ. ಉಂಡೆಗಳು ಒಂದಕ್ಕೊಂದು ತಾಗುವ ಜಾಗ ಕಡಿಮೆಯಲ್ಲವೆ? ಆದ್ದರಿಂದ ಅಣುತೂಕ ಮುಖ್ಯವೆಂದಾಗ ಅದೊಂದೇ ಸರ್ವಸ್ವವೆಂದು ಯಾರೂ ತಿಳಿಯಬಾರದು.

ದೈತ್ಯಾಣುಗಳು ಮತ್ತು ಒಂದು ವಿವಾದ

ಮೇಣದವರೆಗೆ ಬಂದೆವು. ಸರಪಳಿಯನ್ನು ಇನ್ನೂ ಉದ್ದ ಮಾಡುತ್ತಾ ಹೋದರೆ ಏನಾಗುವುದು? ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಹುಮಂದಿ ರಸಾಯನ ವಿಜ್ಞಾನಿಗಳು ಅಂತಹ ಅಣು ಇರಲಾರದೆಂದೇ ನಂಬಿದ್ದರು. ರಬ್ಬರು, ಹತ್ತಿ, ರೇಷ್ಮೆ ಮುಂತಾದವು ಸಣ್ಣ ಅಣುಗಳ ಗುಂಪುಗಳೆಂದೂ, ಅವು ಯಾವುದೋ ಸೆಳೆತದಿಂದ ಅಂಟಿಕೊಂಡಿವೆಯೆಂದೂ ಅವರ ವಾದ. ೧೯೨೦ರಲ್ಲಿ ಹರ್ಮನ್ ಸ್ಟೌಡಿಂಗರ್ ಎಂಬ ಜರ್ಮನ್ ವಿಜ್ಞಾನಿ, ಇವು ಸಾವಿರಾರು ಕೊಂಡಿಗಳು ನಿಜವಾಗಿಯೇ ಬೆಸೆದುಕೊಂಡ ಒಂದೊಂದೇ ಉದ್ದನೆಯ ಅಣುಗಳೆಂದು ಪ್ರತಿಪಾದಿಸಿದರು. ದೊಡ್ಡ ಅಣುಗಳ ಯೋಚನೆ ಬಿಟ್ಟು, ರಬ್ಬರನ್ನು ಸರಿಯಾಗಿ ಶುದ್ಧಿಮಾಡಿ ನೋಡುವಂತೆ ಹಿರಿಯ ಸಹೋದ್ಯೋಗಿಯೊಬ್ಬರು ಅವರಿಗೆ ಬುದ್ಧಿ ಹೇಳಿದರೆಂದು ಪ್ರಸಿದ್ಧಿ. ಸ್ಟೌಡಿಂಗರ್ ಹಿಂಜರಿಯಲಿಲ್ಲ. ಅಣು ಉದ್ದವಾದಷ್ಟೂ ಅದನ್ನು ಕರಗಿಸಿದ ದ್ರಾವಣ ಮಂದವಾಗಿ ಹರಿಯುವುದೆಂಬುದನ್ನು ತೋರಿಸಿ, ಆ ಮಂದತನವನ್ನೇ ಅಳತೆಗೋಲಾಗಿ ಮಾಡಿಕೊಂಡರು. ೧೯೫೩ರಲ್ಲಿ, ತಮ್ಮ ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ಅವರು ನೊಬೆಲ್ ಪಾರಿತೋಷಕವನ್ನು ಪಡೆದರು.

ಈ ನಡುವೆ ೧೯೩೩ರಲ್ಲಿ, ಇಂಗ್ಲೆಂಡಿನ ವಿನ್ನಿಂಗ್ಟನ್ ಎಂಬಲ್ಲಿ ಎರಿಕ್ ಫಾಸೆಟ್, ರೆಜಿನಾಲ್ಡ್ ಗಿಬ್ಸನ್ ಎಂಬ ಇಬ್ಬರು, ಎಥಿಲೀನ್ ಎಂಬ ಅನಿಲವನ್ನು ಇನ್ನೊಂದು ವಸ್ತುವಿನೊಡನೆ ಸೇರಿಸಿ ಅತ್ಯಧಿಕ ಒತ್ತಡಕ್ಕೆ ಗುರಿಮಾಡಿದ್ದರು. ಅವರು ಬಯಸಿದ್ದು ಬೇರೆ. ಪಾತ್ರೆಯಲ್ಲಿ ಸಿಕ್ಕಿದ್ದು ಮೇಣದಂತಹ ಸ್ವಲ್ಪ ಬಿಳಿಯ ವಸ್ತು. ಅದೇ ಪಾಲಿಥೀನ್. ೧೯೫೩ರಲ್ಲಿ ಜರ್ಮನಿಯ ಕಾರ್ಲ್ ಝೀಗ್ಲರ್ ಅಂತಹ ಒತ್ತಡವಿಲ್ಲದೆಯೇ ಇನ್ನೂ ನೇರವಾದ, ಗಟ್ಟಿಯಾದ ಪಾಲಿಥೀನನ್ನು ಪಡೆಯುವ ದಾರಿ ಕಂಡುಹಿಡಿದರು. ನಮ್ಮ ಕೊಡಗಳನ್ನು ಸಾಮಾನ್ಯವಾಗಿ ಈ ಗಟ್ಟಿ ಪಾಲಿಥೀನಿನಿಂದಲೋ, ಅದರ ದಾಯಾದಿಯಾದ ಪಾಲಿಪ್ರೊಪಿಲೀನಿನಿಂದಲೋ ಮಾಡುತ್ತಾರೆ.

ಶಾವಿಗೆಯ ಉಪಮಾನ

ಎಥಿಲೀನಿನ ಅಣುತೂಕ ೨೮. ಹತ್ತು ಸಾವಿರ ಎಥಿಲೀನ್ ಅಣುಗಳು ಸಾಲಾಗಿ ಬೆಸೆದುಕೊಂಡರೆ ೨,೮೦,೦೦೦ ಅಣುತೂಕದ, ಇಪ್ಪತ್ತು ಸಾವಿರ ಇಂಗಾಲಗಳ ಸರಪಳಿಯಾಗುತ್ತದೆ. ಈ ಸರಪಳಿ ಒಂದು ಮಿಲಿಮೀಟರ್ ದಪ್ಪದ ಒತ್ತು ಶಾವಿಗೆಯಷ್ಟು ಆಯಿತೆಂದು ಭಾವಿಸಿದರೆ, ಅದರ ಉದ್ದ ಐದು ಮೀಟರಿಗೂ ಮಿಕ್ಕುತ್ತದೆ. ಅದೇ ಅಳತೆಯಲ್ಲಿ ಮೂವತ್ತು ಇಂಗಾಲಗಳುಳ್ಳ ಮೇಣದ ಅಣು ಎಂಟು ಮಿಲಿಮೀಟರಿನ ಒಂದು ಚೂರು. ಈಗ ಒಂದು ತಟ್ಟೆಯಲ್ಲಿ ಚೂರುಗಳ ರಾಶಿ, ಇನ್ನೊಂದರಲ್ಲಿ ಐದು ಮೀಟರಿನ ಎಳೆಗಳ ರಾಶಿ ಇದೆಯೆನ್ನಿ. ಚೂರುಗಳಿಗೆ ಕೈ ಹಾಕಿದರೆ ಅಷ್ಟೇ ಭಾಗ ಬೇರ್ಪಟ್ಟು ಬರುತ್ತದೆ. ಉದ್ದನೆಯ ಎಳೆಗಳಿಗೆ ಕೈ ಹಾಕಿದರೆ ಒಂದಕ್ಕೊಂದು ಸಿಕ್ಕುಬಿದ್ದು ತಟ್ಟೆಯ ಶಾವಿಗೆಯೆಲ್ಲ ಎದ್ದುಬರುತ್ತದೆ. ಮೇಣ ಪಟ್ಟನೆ ಮುರಿಯುವುದಕ್ಕೂ, ಹೊಸ ಕೊಡ ಪೆಟ್ಟು ತಾಳಿಕೊಳ್ಳುವುದಕ್ಕೂ ಇರುವ ಅಂತರ ಇದೇ. ಪ್ಲಾಸ್ಟಿಕ್ಕಿನ ಬಲ ಎಂದರೆ ಬಹುಮಟ್ಟಿಗೆ ಈ ಸಿಕ್ಕಿನ ಬಲ.

ಆದರೆ ಎಲ್ಲ ಗುಣಗಳೂ ಅಣುತೂಕದೊಡನೆ ಒಂದೇ ರೀತಿಯಲ್ಲಿ ಏರುವುದಿಲ್ಲ. ಕರಗುವ ಉಷ್ಣತೆ ಮೊದಮೊದಲು ಬೇಗ ಏರಿ ಆ ಮೇಲೆ ನಿಂತುಬಿಡುತ್ತದೆ: ಮೇಣ ೬೦ ಡಿಗ್ರಿಯ ಸುಮಾರಿಗೆ, ಗಟ್ಟಿ ಪಾಲಿಥೀನ್ ೧೩೦ರ ಸುಮಾರಿಗೆ ಕರಗುತ್ತದೆ, ಅಲ್ಲಿಂದ ಮುಂದೆ ಅಣುತೂಕ ಹತ್ತು ಪಟ್ಟಾದರೂ ಕೆಲವೇ ಡಿಗ್ರಿ ಏರುತ್ತದೆ. ಬಲವೂ ಒಂದು ಮಿತಿಯವರೆಗೆ ಬೇಗ ಏರಿ ಅನಂತರ ನಿಧಾನಿಸುತ್ತದೆ. ಆದರೆ ಕರಗಿದ ಪ್ಲಾಸ್ಟಿಕ್ಕಿನ ಸ್ನಿಗ್ಧತೆ, ಎಂದರೆ ಹರಿಯಲೊಲ್ಲದ ಗುಣ, ನಿಲ್ಲುವುದೇ ಇಲ್ಲ. ಸಿಕ್ಕುಬೀಳುವಷ್ಟು ಉದ್ದವಾದ ಮೇಲೆ, ಅಣುತೂಕ ಎರಡು ಪಟ್ಟಾದರೆ ಸ್ನಿಗ್ಧತೆ ಸುಮಾರು ಹತ್ತು ಪಟ್ಟಾಗುತ್ತದೆ. ಮೂವತ್ತು ಲಕ್ಷಕ್ಕೂ ಮೇಲ್ಪಟ್ಟ ಅಣುತೂಕದ ಪಾಲಿಥೀನ್ ಬಹಳ ಸವೆತವನ್ನು ತಾಳಬಲ್ಲುದು. ೧೯೬೨ರಲ್ಲಿ ಜಾನ್ ಚಾರ್ನ್‌ಲಿ ಎಂಬ ಇಂಗ್ಲೆಂಡಿನ ಶಸ್ತ್ರವೈದ್ಯರು ಕೃತಕ ಸೊಂಟದ ಕೀಲಿಗೆ ಇದನ್ನು ಬಳಸತೊಡಗಿದರು. ಆದರೆ ಅದು ಕರಗಿದರೂ ಹರಿಯದು. ಕೊಡ ಮಾಡುವ ಅಚ್ಚಿಗೆ ಅದನ್ನು ನುಗ್ಗಿಸಲಾಗದು; ಪುಡಿಯನ್ನು ಕಾಯಿಸಿ ಒತ್ತಿ ರೂಪ ಕೊಡಬೇಕು. ಆದುದರಿಂದ ತಯಾರಕನು ಬಲ ಮತ್ತು ಹರಿವುಗಳ ನಡುವೆ ರಾಜಿ ಮಾಡಿಕೊಂಡು, ಅಚ್ಚಿಗೆ ಇಳಿಯುವಷ್ಟು ಗಿಡ್ಡವೂ, ಪೆಟ್ಟು ತಡೆಯುವಷ್ಟು ಉದ್ದವೂ ಆದ ಅಣುವನ್ನು ಆರಿಸಿಕೊಳ್ಳುತ್ತಾನೆ.

ಸರಾಸರಿಯ ಮಾತು

ಇಲ್ಲಿ ನಮ್ಮ ಅರ್ಥಶಾಸ್ತ್ರದ ತರಗತಿಯೂ ನೆರವಿಗೆ ಬರುತ್ತದೆ. ಒಂದು ಪ್ಲಾಸ್ಟಿಕ್ಕಿನಲ್ಲಿರುವ ಸರಪಳಿಗಳೆಲ್ಲ ಒಂದೇ ಉದ್ದವಿರುವುದಿಲ್ಲ. ಅಣುತೂಕವೆಂದು ಹೇಳುವುದು ಸರಾಸರಿಯನ್ನು. ಆ ಸರಾಸರಿಗಳೂ ಎರಡು ಬಗೆ. ಒಂದು ಊರಿನಲ್ಲಿ ಹತ್ತು ರೈತರಿದ್ದು, ಒಂಬತ್ತು ಮಂದಿಗೆ ಒಂದೊಂದು ಎಕರೆಯೂ, ಒಬ್ಬನಿಗೆ ಹನ್ನೊಂದು ಎಕರೆಯೂ ಇದೆಯೆನ್ನೋಣ. ತಲೆಯ ಲೆಕ್ಕದಲ್ಲಿ ಸರಾಸರಿ ಹಿಡುವಳಿ ಎರಡು ಎಕರೆ. ಆದರೆ ಇಪ್ಪತ್ತು ಎಕರೆಗಳಲ್ಲಿ ಒಂದೊಂದರ ಮೇಲೂ ನಿಂತು, "ಈ ಎಕರೆ ಎಷ್ಟು ದೊಡ್ಡ ಹಿಡುವಳಿಗೆ ಸೇರಿದ್ದು?" ಎಂದು ಕೇಳುತ್ತಾ ಹೋದರೆ ಸರಾಸರಿ ಆರೂವರೆ ಎಕರೆ. ಅಣುಗಳ ತಲೆ ಎಣಿಸಿ ತೆಗೆದ ಸರಾಸರಿಗೂ, ತೂಕದ ಪಾಲಿನಂತೆ ತೆಗೆದ ಸರಾಸರಿಗೂ ಇರುವ ಭೇದ ಇದೇ. ಕರಗಿದ ಪ್ಲಾಸ್ಟಿಕ್ಕಿನ ಹರಿವು ಎರಡನೆಯದನ್ನು ಹೆಚ್ಚಾಗಿ ಅನುಸರಿಸುತ್ತದೆ. ಅಲ್ಲಿ ಕೆಲವೇ ಉದ್ದನೆಯ ಸರಪಳಿಗಳ ಮಾತು ಬಹಳ ನಡೆಯುತ್ತದೆ.

ಅವ್ವನ ಕೊಡಕ್ಕೆ ಆದದ್ದೇನು?

ಈಗ ಮೊದಲಿನ ಪ್ರಶ್ನೆಗೆ ಬರೋಣ. ಬಿಸಿಲಿನಲ್ಲಿ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳಿವೆ. ಇವುಗಳ ಪೆಟ್ಟಿಗೆ ಗಾಳಿಯ ಆಮ್ಲಜನಕವೂ ಜೊತೆಗೂಡಿ ಸರಪಳಿಗಳನ್ನು ಅಲ್ಲಲ್ಲಿ ಕತ್ತರಿಸುತ್ತದೆ. ಇಪ್ಪತ್ತು ಸಾವಿರ ಇಂಗಾಲಗಳ ಸರಪಳಿ ನಡುವೆ ಒಂದೇ ಕಡೆ ತುಂಡಾದರೆ ಅಣುತೂಕ ಅರ್ಧಕ್ಕೆ ಇಳಿಯುತ್ತದೆ. ಒಂಬತ್ತು ಕಡೆ ತುಂಡಾದರೆ ಹತ್ತನೆಯ ಒಂದು ಭಾಗಕ್ಕೆ. ಇಪ್ಪತ್ತು ಸಾವಿರದಲ್ಲಿ ಒಂಬತ್ತು ಕೊಂಡಿ ಹೋದರೆ ವಸ್ತುವಿನ ರಾಸಾಯನಿಕ ಲೆಕ್ಕದಲ್ಲಿ ಹೆಚ್ಚಿನ ವ್ಯತ್ಯಾಸ ಕಾಣದು. ತೂಗಿದರೆ ಕೊಡ ಹೆಚ್ಚುಕಡಿಮೆ ಅಷ್ಟೇ ತೂಗುತ್ತದೆ. ಆದರೆ ಉದ್ದನೆಯ ಶಾವಿಗೆ ಚೂರಾಗಿದೆ, ಸಿಕ್ಕು ಬಿಟ್ಟಿದೆ. ನೋಡುವುದಕ್ಕೆ ಕೊಡ, ಮೈಯಲ್ಲಿ ಮೇಣದ ದೌರ್ಬಲ್ಯ. ತಾಮ್ರದಲ್ಲಿ ಹೀಗೆ ಕತ್ತರಿಸಲು ಸರಪಳಿಯೇ ಇಲ್ಲವಾದುದರಿಂದ ಅಜ್ಜಿಯ ಕಾಲದ ತಾಮ್ರದ ಕೊಡ ಇನ್ನೂ ಉಳಿದಿದೆ. ಮನೆಯ ಮೇಲಿನ ನೀರಿನ ತೊಟ್ಟಿಗಳೂ ತೋಟದ ಪೈಪುಗಳೂ ಬಹುವಾಗಿ ಕಪ್ಪಗಿರುವುದಕ್ಕೂ ಕಾರಣ ಇಲ್ಲಿಯೇ ಇದೆ: ಅವುಗಳಲ್ಲಿ ಬೆರೆಸಿದ ಕಾಡಿಗೆಯಂತಹ ಇಂಗಾಲದ ಪುಡಿ ನೇರಳಾತೀತ ಕಿರಣವನ್ನು ತಾನು ಹೀರಿಕೊಂಡು ಸರಪಳಿಯನ್ನು ಕಾಯುತ್ತದೆ.

ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಒಡೆದ ಕೊಡದ ಚೂರುಗಳನ್ನು ನಾವು ಗೋಡೆಯ ಆಚೆಗಿನ ತಿಪ್ಪೆಗೆ ಎಸೆಯುತ್ತಿದ್ದೆವು. ಮಳೆಗಾಲಕ್ಕೆ ಮುಂಚೆ ಆ ತಿಪ್ಪೆಯ ಗೊಬ್ಬರವೇ ರಾಗಿಯ ಹೊಲಕ್ಕೆ ಹೋಗುತ್ತದೆ. ಹತ್ತಿಯ ಬಟ್ಟೆಯ ಅಣುವೂ ಬಹಳ ಉದ್ದನೆಯದೇ, ಆದರೆ ಮಣ್ಣಿನ ಸೂಕ್ಷ್ಮಜೀವಿಗಳ ಬಳಿ ಅದನ್ನು ಕತ್ತರಿಸುವ ಕಿಣ್ವಗಳಿವೆ; ಆದುದರಿಂದ ಹಳೆಯ ಚಿಂದಿ ತಿಪ್ಪೆಯಲ್ಲಿ ಕೊಳೆತು ಗೊಬ್ಬರವಾಗುತ್ತದೆ. ಪಾಲಿಥೀನಿನ ಸರಪಳಿಯನ್ನು ಹಾಗೆ ಸುಲಭವಾಗಿ ಕತ್ತರಿಸುವ ಸಾಧನ ಅವುಗಳಲ್ಲಿಲ್ಲ. ಅಣುತೂಕ ಕೆಲವು ನೂರಕ್ಕೆ, ಎಂದರೆ ಮೇಣದ ಮಟ್ಟಕ್ಕೆ, ಇಳಿದರೆ ಮಾತ್ರ ಅವು ಅದನ್ನು ಸುಲಭವಾಗಿ ಅರಗಿಸಿಕೊಳ್ಳಬಲ್ಲವು. ಉದುರಿದ ಕೊಡದ ಅಣುತೂಕ ಇನ್ನೂ ಸಾವಿರಗಳಲ್ಲಿಯೇ ಇರುತ್ತದೆ. ನೀರು ಹೊರುವುದಕ್ಕೆ ಆಗದಷ್ಟು ಗಿಡ್ಡ, ಮಣ್ಣು ಅರಗಿಸಿಕೊಳ್ಳಲಾಗದಷ್ಟು ಉದ್ದ — ಈ ನಡುವಿನ ಸ್ಥಿತಿಯಲ್ಲಿ ಅದು ಚೂರಿನಿಂದ ಚೂರಾಗುತ್ತಾ ಹೊಲದಲ್ಲಿ ಬಹುಕಾಲ ಉಳಿಯುತ್ತದೆ. ಕರ್ನಾಟಕವು ೨೦೧೬ರಲ್ಲಿ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿದುದನ್ನೂ, ೨೦೨೨ರ ಜುಲೈ ೧ರಿಂದ ಒಮ್ಮೆ ಬಳಸಿ ಎಸೆಯುವ ಅನೇಕ ಪ್ಲಾಸ್ಟಿಕ್ ವಸ್ತುಗಳು ದೇಶದಲ್ಲೆಲ್ಲ ನಿಷಿದ್ಧವಾದುದನ್ನೂ ನಾನು ಸಾಮಾನ್ಯ ಜ್ಞಾನದ ಪ್ರಶ್ನೆಗೆಂದು ಬಾಯಿಪಾಠ ಮಾಡಿದ್ದೆ. ಅದರ ಹಿಂದಿನ ಕಾರಣ ಈಗ ತಿಳಿಯಿತು.

ದಸರೆಯ ರಜೆಯಲ್ಲಿ ಊರಿಗೆ ಹೋದಾಗ ಇಷ್ಟನ್ನೂ ಅವ್ವನಿಗೆ ಶಾವಿಗೆಯ ಉಪಮಾನದಿಂದಲೇ ಹೇಳಿದೆ. ಅವಳು ಕೊನೆಯವರೆಗೂ ಕೇಳಿದಳು. "ಹಂಗಾದ್ರೆ ನೆಳ್ಳಲ್ಲಿ ಇಟ್ಟಿದ್ರೆ ಇನ್ನೊಂದಷ್ಟು ದಿನ ಬಾಳ್ತಿತ್ತು ಅನ್ನು" ಎಂದಳು. ಹೌದೆಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೊಲಕ್ಕೆ ಹಾಕಿದ್ದು?" ಎಂದು ಕೇಳಿದಳು. ಅದಕ್ಕೆ ನನ್ನಲ್ಲಿ ಸಮಾಧಾನದ ಉತ್ತರ ಇರಲಿಲ್ಲ. ಮರುದಿನ ಬೆಳಿಗ್ಗೆ ನಾವಿಬ್ಬರೂ ತಿಪ್ಪೆಯ ಬಳಿ ಕುಳಿತು ಕೈಗೆ ಸಿಕ್ಕಿದಷ್ಟು ನೀಲಿ ಚೂರುಗಳನ್ನು ಆರಿಸಿ ಗುಜರಿಯವನಿಗೆಂದು ಚೀಲಕ್ಕೆ ತುಂಬಿದೆವು. ಹೊಸ ಕೊಡ ಈಗ ಹಿತ್ತಲಿನ ಮಾಡಿನ ಕೆಳಗೆ ನೆರಳಿನಲ್ಲಿದೆ.

ನನ್ನಂತೆ ಮನೆಗೆ ಮೊದಲಿಗರಾಗಿ ಓದಲು ಬಂದವರು ಈ ಕಾಲೇಜಿನಲ್ಲಿ ಅನೇಕರಿದ್ದಾರೆ. ನಮ್ಮ ಮನೆಗಳಲ್ಲಿ ಇಂತಹ ಪ್ರಶ್ನೆಗಳು ದಿನವೂ ಹುಟ್ಟುತ್ತವೆ. ಕೇಳುವವರಿಗೆ ನಾವು ಬಿ.ಎ.ಯೋ ಬಿ.ಎಸ್ಸಿ.ಯೋ ಎಂಬ ಭೇದ ತಿಳಿಯದು. ಓದಿದವರು ಎಂಬ ಒಂದೇ ನಂಬಿಕೆಯಿಂದ ಕೇಳುತ್ತಾರೆ. ಅದು ನಮ್ಮ ವಿಷಯವಲ್ಲವೆಂದು ತಳ್ಳಿಹಾಕದೆ, ತಿಳಿದವರನ್ನು ಕೇಳಿ ಅವರಿಗೆ ಅರ್ಥವಾಗುವ ಮಾತಿನಲ್ಲಿ ಉತ್ತರ ಒಯ್ಯುವುದು ನಮ್ಮ ಕರ್ತವ್ಯವೆಂದು ನಾನು ಭಾವಿಸುತ್ತೇನೆ.